ಮೇಕೆಗೆ ದೀಪ ಕಟ್ಟುತ್ತಿದ್ದ ನಿಕನೋರ್

ನಿಕನೋರ್ ಸುರಿತಾನನ್ನು ಸತುರ್ನಿನಾ ಮೊದಲ ಸಲ ಕಂಡದ್ದು ಒಂದು ಮೇಕೆಯ ದೆಸೆಯಿಂದ. ಗಂಡ ಲೆಯಾಂದ್ರೊ ತೀರಿಕೊಂಡ ಮೇಲೆ ಅವಳು ಮಿಸ್ಕೆ ಕಣಿವೆಯ ಹಳ್ಳಿ ಬಿಟ್ಟು ಕೊಚಬಂಬಾ ಪಟ್ಟಣಕ್ಕೆ ಬಂದು, ಸಂತೆಯ ಮೂಲೆಯಲ್ಲಿ ಕುದುರೆಮಸಾಲೆ ಸೊಪ್ಪಿನ ಕಟ್ಟು ಮಾರುತ್ತಿದ್ದಳು. ಆಸ್ಪತ್ರೆಯ ಹಿಂದಿರುವ ರಕ್ತಪರೀಕ್ಷೆಯ ಮನೆಯಲ್ಲಿ ಮೇಕೆ ಸಾಕಿದ್ದಾರೆ, ಮೇವು ತಂದುಹಾಕುವವರು ಬೇಕಂತೆ ಎಂದು ಯಾರೋ ಹೇಳಿದರು. ಮಾರನೆಯ ಬೆಳಿಗ್ಗೆ ಹೊರೆ ಬೆನ್ನಿಗೆ ಬಿಗಿದುಕೊಂಡು ಹೋಗಿ ಹಿಂದಿನ ಬಾಗಿಲು ತಟ್ಟಿದಳು.

ಒಳಗಿನ ಕತ್ತಲೆ ಕೋಣೆಯಿಂದ ಎದ್ದು ಬಂದು ಬಾಗಿಲು ತೆರೆದ ನಿಕನೋರ್ ಹಣೆಗೆ ಕೈ ಅಡ್ಡ ಹಿಡಿದಿದ್ದ. ಹೊರಗೆ ಅಷ್ಟೇನೂ ಬಿಸಿಲಿರಲಿಲ್ಲ, ಆದರೂ ಅವನ ಕಣ್ಣಲ್ಲಿ ನೀರು. ಬೆರಳ ತುದಿಗಳು ಹಳದಿ ಮೆಣಸಿನಕಾಯಿ ಅರೆದು ತೊಳೆಯದೆ ಬಿಟ್ಟವನ ಬೆರಳಿನಂತಿದ್ದವು. ಅವನು ನಮಸ್ಕಾರವನ್ನೂ ಹೇಳದೆ ಸೊಪ್ಪಿನ ಕಟ್ಟಿನೊಳಗೆ ಮೊಣಕೈವರೆಗೆ ಕೈ ತೂರಿಸಿದ.

"ಒದ್ದೆ ಇದೆ."

"ಇಬ್ಬನಿ, ಸ್ವಾಮಿ. ತೂಕಕ್ಕೆ ಅಂತ ನೀರು ಹಾಕೋಳಲ್ಲ ನಾನು."

"ನೀವು ಹಾಕಿದ್ದೋ ಆಕಾಶ ಹಾಕಿದ್ದೋ ಅಂತ ಮೇಕೆ ಹೊಟ್ಟೆ ಕೇಳಲ್ಲ. ಉಬ್ಬರ ಬರುತ್ತೆ. ಗೋಡೆ ಬಿಸಿಲಿಗೆ ಹರಡಿ. ಬಾಡಲಿ, ಆಮೇಲೆ ಹಾಕೋಣ."

ಅವಳು ಹರಡಿದಳು. ಕಂದು ಬಣ್ಣದ, ಗಡ್ಡವಿರುವ ಮೇಕೆ ಗೂಟದ ಹತ್ತಿರ ನಿಂತು ಇಬ್ಬರನ್ನೂ ನೋಡುತ್ತಿತ್ತು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಅವಳು ಕೇಳಿದಳು: "ಹಾಲು ಚೆನ್ನಾಗಿ ಕೊಡುತ್ತಾ?"

"ಹಾಲಿಗಲ್ಲ ಇದು. ರಕ್ತಕ್ಕೆ."

ಸತುರ್ನಿನಾ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಅವನು ಅದನ್ನು ಕಂಡ.

"ಕುಯ್ಯಲ್ಲ, ದೋನ್ಯಾ. ನರ್ಸಮ್ಮ ನಿಮ್ಮ ತೋಳಿಂದ ತೆಗೀತಾರಲ್ಲ, ಹಾಗೆ ಅದರ ಕುತ್ತಿಗೆಯಿಂದ ಒಂದಿಷ್ಟು. ನಮ್ಮೆಲ್ಲರಿಗಿಂತ ಚೆನ್ನಾಗಿ ತಿಂದುಕೊಂಡಿದೆ. ಹೆಸರು ಸೆನ್ಯೋರಾ, ಅಮ್ಮಾವ್ರು. ಹಾಗೇ ಕರೀಬೇಕು, ಇಲ್ದಿದ್ರೆ ಹಾಯುತ್ತೆ."

ಸಂತೆಗೆ ಹಿಂತಿರುಗಿ ಇದನ್ನೆಲ್ಲ ಪಕ್ಕದಲ್ಲಿ ಜೋಳ ಬೇಯಿಸಿ ಮಾರುವ ಎಂಕಾರ್ನಾಳಿಗೆ ಹೇಳಿದಳು. ಸತುರ್ನಿನಾಳ ತೀರಿಹೋದ ಮಗುವಿಗೆ ಜ್ಞಾನಸ್ನಾನದಲ್ಲಿ ತಾಯಿಯ ಸ್ಥಾನದಲ್ಲಿ ನಿಂತವಳು ಎಂಕಾರ್ನಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು.

"ಹೆಂಡ್ತಿ ಇಲ್ಲ ಅಂತೀಯ, ಹಗಲಲ್ಲೇ ಕತ್ತಲೆ ಮಾಡ್ಕೊಂಡು ಕೂರ್ತಾನೆ ಅಂತೀಯ, ಮೇಕೆ ರಕ್ತ ಬೇರೆ ತೆಗೀತಾನಂತೆ" ಎಂದಳು ಎಂಕಾರ್ನಾ ಬೇಯಿಸಿದ ಜೋಳ ಮೊಗೆಯುತ್ತಾ. "ನಾಳೆ ಹೋದಾಗ ಹಿಂದೆ ಬಾಲ ಇದೆಯಾ ನೋಡ್ಕೊಂಡು ಬಾ, ಕೊಮಾದ್ರೆ."

ಬಾಲವೇನೂ ಇರಲಿಲ್ಲ. ಆದರೆ ಅವನು ಮಾಡುವ ಕೆಲಸ ಏನೆಂದು ಹೇಳಲು ಸತುರ್ನಿನಾಳಿಗೆ ವರ್ಷಗಟ್ಟಲೆ ಮೇವು ಹಾಕಿದ ಮೇಲೂ ಆಗುತ್ತಿರಲಿಲ್ಲ. ಹೇಳಹೊರಟರೆ ಅರ್ಧ ದಾರಿಯಲ್ಲಿ ಎಲ್ಲವೂ ಸಿಕ್ಕು ಸಿಕ್ಕಾಗುತ್ತಿತ್ತು.

ಲೆಯಾಂದ್ರೊ ಸತ್ತದ್ದು ಹೇಗೆಂದು ನಿಕನೋರ್ ಒಂದು ದಿನ ಕೇಳಿದ. ಅವಳು ಹೇಳಿದಳು. ಗಟ್ಟಿ ಆಳು, ಒಂದು ಜ್ವರವೂ ಬಂದವನಲ್ಲ. ಉಳುತ್ತಿದ್ದವನು ನೇಗಿಲ ಹಿಡಿ ಬಿಟ್ಟು ಮಗ್ಗುಲಿಗೆ ವಾಲಿದ. ಎತ್ತುಗಳು ಮಾತ್ರ ಮುಂದೆ ಹೋಗಿ ಸಾಲು ಮುಗಿಸಿ ನಿಂತುಕೊಂಡವು. ಹೃದಯ ಕುಂಬಳಕಾಯಿಯಷ್ಟು ಊದಿತ್ತು, ಅದು ತಿಗಣೆ ಕೊಟ್ಟ ಕಾಯಿಲೆ ಎಂದು ಡಾಕ್ಟರು ಹೇಳಿದರು.

"ನಿಮ್ಮ ಮನೇಲಿ ವಿಂಚೂಕಾ ಇತ್ತಾ?" ಎಂದು ಕೇಳಿದ ನಿಕನೋರ್. ಮಣ್ಣಿನ ಗೋಡೆಯ ಬಿರುಕಿನಲ್ಲಿ ಇದ್ದು, ಮಲಗಿದವರ ಮುಖಕ್ಕೆ ಇಳಿದು ರಕ್ತ ಹೀರುವ ಆ ತಿಗಣೆಯ ಹೆಸರು ಅದು.

"ಮನೇಲಿ ಅದಿತ್ತಾ ಅಂತ ಕೇಳ್ತೀರಾ. ಅದರ ಮನೇಲಿ ನಾವಿದ್ವಿ."

"ನಿಮ್ಮ ರಕ್ತ ಪರೀಕ್ಷೆ ಆಗಿದೆಯಾ?"

"ಯಾಕಪ್ಪಾ ಅದು? ಗೊತ್ತಾದ್ರೆ ಹೆದರಿಕೊಂಡು ಕೂತಿರಬೇಕು. ಗೊತ್ತಿಲ್ದಿದ್ರೆ ಸೊಪ್ಪು ಮಾರ್ಕೊಂಡಿರಬಹುದು."

ಅವನು ಬಿಡಲಿಲ್ಲ. ಸೊಪ್ಪು ತಂದಾಗಲೆಲ್ಲ ಕೇಳಿದ. ಕೊನೆಗೆ ಪೀಡೆ ತೊಲಗಲಿ ಎಂದು ತೋಳು ಚಾಚಿದಳು. ಆದರೆ ಮನೆಗೆ ಹೋದ ಮೇಲೆ ಹಳ್ಳಿಯ ಮನೆ ನೆನಪಾಯಿತು. ಒಂದೇ ಹಾಸಿಗೆಯಲ್ಲಿ, ಒಂದೇ ಕಂಬಳಿಯಲ್ಲಿ ಮಲಗಿದವರು ಅವರು. ಗಂಡನನ್ನು ಕಚ್ಚಿದ ಹುಳು ತನ್ನನ್ನು ಬಿಟ್ಟಿರುವುದುಂಟೇ?

ಫಲಿತಾಂಶವನ್ನು ಅವನು ಬಾಯಲ್ಲಿ ಹೇಳಲಿಲ್ಲ. ಕಪ್ಪು ಬಳಿದ ಕೋಣೆಗೆ ಕರೆದು, ದಪ್ಪ ಪರದೆ ಎಳೆದು, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದ. ಸತುರ್ನಿನಾ ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡು ಒಂದು ಕಣ್ಣು ಮುಚ್ಚಿ ಬಗ್ಗಿದಳು. ಕಪ್ಪು ಆಕಾಶದಲ್ಲಿ ಸಣ್ಣ ಸಣ್ಣ ಕೆಂಪು ಮೀನುಗಳು. ಪಾಪಾಸುಕಳ್ಳಿ ಹಣ್ಣಿನ ರಸದ ಕೆಂಪು.

"ಅವೇ ರೋಗಾಣುಗಳು. ನಾವೇ ಬೆಳೆಸಿ, ಕೊಂದು, ಗಾಜಿಗೆ ಅಂಟಿಸಿರೋದು. ಅವುಗಳ ಮೇಲೆ ನಿಮ್ಮ ರಕ್ತದ ತಿಳಿನೀರು ಹಾಕಿದೆ. ಕೆಂಪಾಗೇ ಉಳಿದಿವೆ. ಅಂದ್ರೆ ನಿಮಗೆ ಇಲ್ಲ."

"ಏನಿಲ್ಲ?"

"ಕಾಯಿಲೆ ಇಲ್ಲ, ದೋನ್ಯಾ ಸತುಕಾ." ಅವನು ಅವಳನ್ನು ಮನೆಯವರು ಕರೆಯುವ ಹೆಸರಿನಿಂದ ಕರೆದದ್ದು ಅದೇ ಮೊದಲು. "ಈಗ ಇನ್ನೊಬ್ಬರದು ನೋಡಿ."

ಗಾಜು ಸರಿಸಿದ. ಅವೇ ಮೀನುಗಳು, ಆದರೆ ಈಗ ಒಂದೊಂದರ ಅಂಚಿಗೂ ಎಳೆ ಸೇಬಿನ ಹಸಿರು ಬೆಂಕಿ ಹತ್ತಿತ್ತು. ಇದು ಯಾರದೋ, ಇನ್ನೊಬ್ಬ ಲೆಯಾಂದ್ರೊನದು. ಅವಳು ನೋಡುತ್ತಿದ್ದಂತೆಯೇ ಹಸಿರು ಮಂಕಾಗುತ್ತಾ ಬಂತು. ಕೊನೆಗೆ ಬೂದಿ ಮುಚ್ಚಿದಂತಾಯಿತು.

"ಆರಿಹೋಯ್ತು, ದೋನ್ ನಿಕನೋರ್. ನಾನೇನೂ ಮುಟ್ಟಲಿಲ್ಲ."

"ಅದು ಹಾಗೇ. ಯಾವ ಬೆಳಕು ಅದನ್ನ ಹೊಳೆಸುತ್ತೋ ಅದೇ ಬೆಳಕು ಅದನ್ನ ತಿಂದುಹಾಕುತ್ತೆ. ನೋಡಿದಷ್ಟೂ ಆರುತ್ತೆ."

ಅವಳು ಮತ್ತೆ ಬಗ್ಗಿ ನೋಡಿದಳು. "ಹಾಗಾದ್ರೆ ಬಿಡದೆ ನೋಡ್ತಾನೇ ಇದ್ರೆ, ಅವರ ಕಾಯಿಲೆನೂ ಆರುತ್ತಾ?"

ನಿಕನೋರ್ ನಕ್ಕ. ಅವನು ನಗುವವನೇ ಅಲ್ಲ. ಕತ್ತಲಲ್ಲಿ ಕುರ್ಚಿ ಹುಡುಕಿ ಕುಳಿತು ಕಣ್ಣೊರೆಸಿಕೊಂಡು ನಕ್ಕ. ಆಮೇಲೆ ಈ ಮಾತನ್ನು ಮೇಲಿನ ಮಹಡಿಯ ಡಾಕ್ಟರಮ್ಮ ದೊತೋರಾ ಮಿರ್ತಾಗೂ ಹೇಳಿದ, ಬಾಗಿಲು ಕಾಯುವವನಿಗೂ ಹೇಳಿದ. ಸತುರ್ನಿನಾಳಿಗೆ ಅದರಲ್ಲಿ ನಗುವಂಥದ್ದೇನಿದೆ ಎಂದು ತಿಳಿಯಲಿಲ್ಲ.

ಮೇಕೆಯ ಪಾತ್ರವೂ ಅವಳಿಗೆ ತಿಳಿದಿರಲಿಲ್ಲ. ಕಾಯಿಲೆ ಬಂದವರ ರಕ್ತದಲ್ಲಿ ಆ ಕಾಯಿಲೆಯ ಮೇಲೆ ಮಾತ್ರ ಹೋಗಿ ಕೂರುವ ಕಾವಲುಗಾರರು ಹುಟ್ಟಿಕೊಳ್ಳುತ್ತಾರೆ ಎಂದು ನಿಕನೋರ್ ಹೇಳಿದ್ದ. ಓದಿದವರು ಅದಕ್ಕೆ ಪ್ರತಿಕಾಯ ಎನ್ನುತ್ತಾರೆ. ಅಷ್ಟು ಸರಿ. ಕಾವಲುಗಾರ ಕಣ್ಣಿಗೆ ಕಾಣುವುದಿಲ್ಲ. ಅದೂ ಸರಿ.

"ಮೇಕೆಗೆ ಮನುಷ್ಯರ ಕಾವಲುಗಾರರನ್ನ ಕಂಡ್ರೆ ಆಗಲ್ಲ. ಎಲ್ಲಿದ್ರೂ ಹುಡುಕಿ ಅವನ ಬೆನ್ನಿಗೆ ಬೀಳುತ್ತೆ. ಮೇಕೆಯ ಆ ಗುಣ ಇರೋದು ಅದರ ರಕ್ತದಲ್ಲಿ. ನಾನು ಅದನ್ನ ಬೇರ್ಪಡಿಸಿ, ಬಾಲಕ್ಕೆ ಒಂದು ದೀಪ ಕಟ್ಟಿ ಬಿಡ್ತೀನಿ. ದೀಪ ಎಲ್ಲಿ ನಿಂತಿತೋ ಅಲ್ಲಿ ಕಾವಲುಗಾರ ಇದ್ದಾನೆ ಅಂತ ಅರ್ಥ."

"ನೇರವಾಗಿ ನಮ್ಮ ಕಾವಲುಗಾರನಿಗೇ ದೀಪ ಕಟ್ಟಬಾರದಾ? ನಡುವೆ ಮೇಕೆ ಯಾಕೆ?"

"ಕಣಿವೆ ಜನ ಎಲ್ಲರದಕ್ಕೂ ಒಬ್ಬೊಬ್ಬರಾಗಿ ಕಟ್ತಾ ಕೂತ್ರೆ ನನ್ನ ಆಯಸ್ಸು ಸಾಲಲ್ಲ. ಒಂದು ಮೇಕೆಗೆ ಕಟ್ಟಿದ್ರೆ ಎಲ್ಲರಿಗೂ ಆಯ್ತು."

ಅವಳು ತಲೆಯಾಡಿಸಿದಳು. ಬೀದಿಯ ತಿರುವು ದಾಟುವಷ್ಟರಲ್ಲಿ ಕಾವಲುಗಾರ ಯಾರ ಕಡೆಯವನು, ಮೇಕೆ ಯಾರ ಕಡೆಯದು ಎಂಬುದು ಮತ್ತೆ ಅದಲು ಬದಲಾಗಿತ್ತು.

ದೀಪ ಕಟ್ಟುವ ಕೆಲಸವನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಆ ದಿನ ಅವನೊಡನೆ ಯಾರೂ ಮಾತನಾಡುವಂತಿರಲಿಲ್ಲ. ತಣ್ಣನೆಯ ಕೋಣೆಯಲ್ಲಿ ಸೀಸೆಗೆ ಕಪ್ಪು ಬಟ್ಟೆ ಸುತ್ತಿ, ಮೇಕೆಯ ರಕ್ತದ ಸಾರಕ್ಕೆ ಕಿತ್ತಳೆ ಬಣ್ಣದ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಬಿಟ್ಟು, ನೊರೆ ಬರದಂತೆ ತಿರುವುತ್ತಿದ್ದ. ಆಮೇಲೆ ನೆನೆಸಿದ ಸಬ್ಬಕ್ಕಿಯಂಥ ಬಿಳಿ ಕಾಳು ತುಂಬಿದ ಉದ್ದನೆಯ ಗಾಜಿನ ಕೊಳವೆಯ ತಲೆಗೆ ಅದನ್ನು ಸುರಿಯುತ್ತಿದ್ದ. ಹಳದಿ ಇಳಿಯುತ್ತಾ ಇಳಿಯುತ್ತಾ ಎರಡು ಪಟ್ಟಿಯಾಗಿ ಒಡೆಯುತ್ತಿತ್ತು. ಒಂದು ಬೇಗ ಬೇಗ ಕೆಳಗೆ ಬರುತ್ತಿತ್ತು, ಇನ್ನೊಂದು ಹಿಂದೆಯೇ ಉಳಿಯುತ್ತಿತ್ತು.

"ಮುಂದಿರೋದು ದೀಪ ಕಟ್ಟಿಸ್ಕೊಂಡಿದ್ದು. ಹಿಂದಿರೋದು ಕೆಲಸ ಸಿಗದೆ ಅಲೆಯೋ ಬಣ್ಣ. ಅದು ಸೇರಿಬಿಟ್ರೆ ಕಂಡಕಂಡಲ್ಲೆಲ್ಲ ಅಂಟಿ ಸುಳ್ಳು ಹೇಳುತ್ತೆ."

ಎರಡೂ ಅವಳ ಕಣ್ಣಿಗೆ ಒಂದೇ ಹಳದಿ.

ಹೀಗಿರುವಾಗ ಅವಳ ರಕ್ತಕ್ಕೊಂದು ಕೆಲಸ ಸಿಕ್ಕಿತು. ಪ್ರತಿ ಗಾಜಿನ ಮೇಲೂ ಬಂದವರ ರಕ್ತದ ಜೊತೆಗೆ, ಖಂಡಿತ ಹೌದು ಎಂದು ಗೊತ್ತಿರುವ ಒಂದು, ಖಂಡಿತ ಇಲ್ಲ ಎಂದು ಗೊತ್ತಿರುವ ಒಂದು ಇರಬೇಕು. ಅವೆರಡನ್ನು ನೋಡಿಕೊಂಡು ಉಳಿದವರದನ್ನು ಹೇಳುವುದು. ಹೌದು ಎನ್ನುವುದು ಎಷ್ಟು ಬೇಕಾದರೂ ಸಿಗುತ್ತಿತ್ತು. ವಿಂಚೂಕಾ ಮನೆಯಲ್ಲೇ ಬೆಳೆದು, ಆ ಕಣಿವೆಯ ಎಲ್ಲ ಜ್ವರ ನೆಗಡಿಗಳನ್ನೂ ಕಂಡು, ಆದರೂ ಇಲ್ಲ ಎನ್ನುವ ರಕ್ತ ಸಿಗುವುದು ಕಷ್ಟ. ಸತುರ್ನಿನಾ ಆಗಾಗ ತೋಳು ಚಾಚಿದಳು. ಪ್ರತಿಸಲ ಅವನು ಬಿಸಿ ನೇರಳೆ ಜೋಳದ ಗಂಜಿಯನ್ನೂ ಚೀಸು ತುಂಬಿ ಕರಿದ ರೊಟ್ಟಿಯನ್ನೂ ತರಿಸಿಕೊಟ್ಟ.

"ನಿಮ್ಮದು ಏನು ಹೇಳುತ್ತೆ, ದೋನ್ ನಿಕನೋರ್?" ಎಂದು ಅವಳು ರೊಟ್ಟಿ ತಿನ್ನುತ್ತಾ ಕೇಳಿದ್ದಳು. "ನೀವೂ ಹಳ್ಳಿಯವರೇ."

"ನನಗೆ ಪುರುಸೊತ್ತಿಲ್ಲ" ಎಂದು ಅವನು ಸೀಸೆ ತೊಳೆಯಲು ತಿರುಗಿಕೊಂಡ. ಅಂಗಳದ ನಾಲ್ಕು ಮೆಟ್ಟಿಲು ಹತ್ತಿದರೆ ಅವನು ಗೋಡೆಗೆ ಕೈಕೊಟ್ಟು ನಿಲ್ಲುವುದನ್ನು ಅವಳು ನೋಡಿದ್ದಳು.

ಆ ವರ್ಷ ಕಾರ್ನಿವಲ್ ಮಂಗಳವಾರ ಎಲ್ಲರಂತೆ ಅವರೂ ಚಲ್ಯಾ ಮಾಡಿದರು. ದುಡಿಯುವ ಸಾಮಾನಿಗೆಲ್ಲ ಕಾಗದದ ಸುರುಳಿ ಸುತ್ತಿ, ಬಣ್ಣದ ಚೂರು ಎರಚಿ, ಭೂಮಿತಾಯಿಗೆ ಮೊದಲು, ಆಮೇಲೆ ಅವಕ್ಕೆ ಜೋಳದ ಹೆಂಡ ಚಿಚಾ ಚಿಮುಕಿಸದಿದ್ದರೆ ವರ್ಷವಿಡೀ ಮುನಿಸಿಕೊಂಡಿರುತ್ತವೆ. ಸಂತೆಯಲ್ಲಿ ಸತುರ್ನಿನಾ ತನ್ನ ತಕ್ಕಡಿಗೆ ಮಾಡಿ, ಉಳಿದ ಚಿಚಾ ಹಿಡಿದು ಇಲ್ಲಿಗೆ ಬಂದಳು. ನಿಕನೋರ್ ಈ ವಿಷಯದಲ್ಲಿ ಅವಳಿಗಿಂತ ಒಂದು ಕೈ ಹೆಚ್ಚು. ಮೇಕೆಯ ಕೊಂಬಿಗೆ, ಶೀತಪೆಟ್ಟಿಗೆಗೆ, ಸೂಕ್ಷ್ಮದರ್ಶಕಕ್ಕೆ, ಗಾಜಿನ ಕೊಳವೆಗೆ ತಾನೇ ಸುರುಳಿ ಸುತ್ತಿದ. ಆ ಸಲ ಪೇಟೆಗೆ ಹೊಸ ಕಾಗದ ಬಂದಿತ್ತು, ನೆರಳಲ್ಲೂ ಕಣ್ಣು ಕುಕ್ಕುವ ಹಸಿರುಹಳದಿ. ಗಾಜು ತೊಳೆಯುವ ಉಪ್ಪುನೀರಿನ ದೊಡ್ಡ ಜಾಡಿಯ ಕತ್ತಿಗೆ ಅದರದೇ ಹಾರ ಹಾಕಿದ. ಸತುರ್ನಿನಾ ಮೇಲಿಂದ ಚೂರು ಎರಚಿ ಚಿಚಾ ಚಿಮುಕಿಸಿದಳು. "ಸೆನ್ಯೋರಾಗೆ ಸ್ವಲ್ಪ ಜಾಸ್ತಿ ಹಾಕಿ, ದುಡಿಯೋಳು ಅವಳು" ಎಂದ ಅವನು.

ಹಬ್ಬ ಮುಗಿದು ಕೆಲಸ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವಳು ಸೊಪ್ಪು ಹರಡುತ್ತಿದ್ದಾಗ ನಿಕನೋರ್ ಹೊರಗೆ ಬಂದು, ಇಬ್ಬನಿಯ ಮಾತೆತ್ತದೆ, ತೋಳು ಕೊಡಿ ಎಂದ.

"ಮೊನ್ನೆ ತಾನೆ ಕೊಟ್ಟೆನಲ್ಲ."

"ಇನ್ನೊಮ್ಮೆ ಬೇಕು."

ಮುಖ ನೋಡಿದಳು. ಅವನು ಅವಳ ಮುಖ ನೋಡಲಿಲ್ಲ. ಕತ್ತಲೆ ಕೋಣೆಗೆ ಹೋದವನು ಬಹಳ ಹೊತ್ತು ಹೊರಬರಲಿಲ್ಲ. ಬಂದಾಗ ಸುಳ್ಳು ಹೇಳಲು ಬಾರದ ಮನುಷ್ಯ ಇದ್ದದ್ದನ್ನು ಹೇಳಿಬಿಟ್ಟ.

"ಹಸಿರು ಬಂದಿದೆ."

"ಯಾರದು?"

"ನಿಮ್ಮದು. ಎರಡು ಸಲವೂ."

ಸತುರ್ನಿನಾ ಮೇಕೆಯ ಪಕ್ಕದಲ್ಲಿ ಕುಳಿತುಬಿಟ್ಟಳು. ಇಷ್ಟು ವರ್ಷ ಇಲ್ಲ ಎಂದ ರಕ್ತ ಈಗ ಹೌದು ಎನ್ನುವುದೇ? ಪಟ್ಟಣದ ಸಿಮೆಂಟು ಗೋಡೆಯಲ್ಲಿ ಯಾವ ಹುಳು ಬಂದು ಕಚ್ಚಿತು? ಇಲ್ಲವೇ ಅದು ಮೊದಲಿಂದಲೂ ಇದ್ದು ಮೇಕೆ ಸುಳ್ಳು ಹೇಳುತ್ತಿತ್ತೇ?

"ನಿಮ್ಮನ್ನ ನೋಡ್ಕೊಂಡು ನಾನು ಎಷ್ಟು ಜನಕ್ಕೆ ಇಲ್ಲ ಅಂದಿದ್ದೀನಿ" ಎಂದ ನಿಕನೋರ್, ಅವಳಿಗೋ ತನಗೋ ತಿಳಿಯಲಿಲ್ಲ. "ನಿಮ್ಮ ಇಲ್ಲ ಸುಳ್ಳಾದ್ರೆ..." ಅವನು ಮಾತು ಮುಗಿಸದೆ ಎದೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತ. ದೊತೋರಾ ಮಿರ್ತಾ ಇಳಿದು ಬಂದು, ತಿಳಿಯುವವರೆಗೆ ಯಾವ ಫಲಿತಾಂಶವೂ ಹೊರಗೆ ಹೋಗಕೂಡದು ಎಂದಳು.

ಅಲ್ಲಿಂದ ಸತುರ್ನಿನಾಳಿಗೆ ದಿನಗಳು ಕಲಸಿಹೋದವು. ಸೊಪ್ಪಿನ ಕಟ್ಟು ಬಿಗಿಯುವಾಗ ಎದೆ ಹಾರಿದರೆ, ಇದು ಆ ಹೃದಯದ್ದೋ ಹೆದರಿಕೆಯದ್ದೋ? ಲೆಯಾಂದ್ರೊನಿಗೂ ಹೀಗೇ ಹಾರುತ್ತಿತ್ತೋ, ಅವನು ಹೇಳದೆ ಉಳುತ್ತಿದ್ದನೋ?

"ಮನುಷ್ಯರ ಮಾತೇ ನಂಬೋಹಾಗಿಲ್ಲ, ನೀನು ಮೇಕೆ ಸಾಕ್ಷಿ ನಂಬ್ಕೊಂಡು ಅಳ್ತಾ ಕೂತಿದ್ದೀಯ" ಎಂದು ಎಂಕಾರ್ನಾ ಬೈದಳು. ಬೈದು, ತನ್ನ ಜೋಳದ ಪಾತ್ರೆ ಮುಚ್ಚಿಟ್ಟು, ಮಧ್ಯಾಹ್ನವೆಲ್ಲ ಕೊಮಾದ್ರೆಯ ಸೊಪ್ಪನ್ನು ತಾನೇ ಕೂಗಿ ಮಾರಿದಳು. ಮಾರನೆಯ ದಿನದಿಂದ ಸತುರ್ನಿನಾ ತಾನೇ ಕೂಗಿದಳು. ಕೂಗದೆ ಇನ್ನೇನು ಮಾಡುವುದು?

ನಿಕನೋರ್ ಮಾತ್ರ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಮೊದಲು ದೀಪ ಕಟ್ಟಿದ್ದರಲ್ಲೇ ತಪ್ಪಾಗಿ ಅಲೆಮಾರಿ ಬಣ್ಣ ಸೇರಿತೇ ಎಂದು ಹಿಂದೆ ಕಟ್ಟಿಟ್ಟಿದ್ದ ಹಳೆಯ ಸೀಸೆಯ ಸಾರವನ್ನು ಹಾಕಿ ನೋಡಿದ. ಹಸಿರು. ಯಾರ ರಕ್ತವನ್ನೂ ಹಾಕದೆ ಮೇಕೆಯದನ್ನು ಮಾತ್ರ ಹಾಕಿ ನೋಡಿದ. ಆಗಲೂ ಹಸಿರು. ಕೊನೆಗೆ ರಕ್ತವೂ ಇಲ್ಲ, ಮೇಕೆಯೂ ಇಲ್ಲ, ಬರೀ ರೋಗಾಣು ಅಂಟಿಸಿದ ಗಾಜನ್ನು ಉಪ್ಪುನೀರಲ್ಲಿ ತೊಳೆದು ನೋಡಿದ. ಅದೂ ಹೊಳೆಯಿತು.

ಸತುರ್ನಿನಾ ಮೇವು ಹಾಕಲು ಬಂದಾಗ ಅವನು ಜಾಡಿಯನ್ನು ಅಪ್ಪಿಕೊಂಡು ಅಂಗಳಕ್ಕೆ ಬರುತ್ತಿದ್ದ. ಜಾಡಿಯ ಕತ್ತಿನ ಹಾರವನ್ನು ಹಬ್ಬ ಮುಗಿದಾಗಲೇ ತೆಗೆದಿದ್ದ. ಆದರೆ ಚಿಚಾದಲ್ಲಿ ನೆಂದ ಆ ಕಾಗದ ಬಣ್ಣ ಬಿಟ್ಟು ಮುಚ್ಚಳದ ಸಂದಿಯಿಂದ ಒಳಗಿಳಿದಿತ್ತು. ಜಾಡಿಯನ್ನು ಬರಿದು ಮಾಡದೆ ಮೇಲೆ ಮೇಲೆ ನೀರು ತುಂಬುವುದು ಅವನ ರೂಢಿ. ತಳದಲ್ಲಿ ಬಣ್ಣದ ಚೂರುಗಳು ಮೆತ್ತಗಾಗಿ ಕೂತಿದ್ದವು. ಕೋಣೆಯ ದೀಪಕ್ಕೆ ಹಿಡಿದರೆ ನೀರಿಗೆ ನೀರೇ ಬೆಳಗುತ್ತಿತ್ತು.

"ಮೇಕೆನೇ ಇಲ್ಲದೆ ದೀಪ ಓಡಾಡ್ತಿತ್ತು, ದೋನ್ಯಾ. ನಾನೇ ಹಾರ ಹಾಕಿದ್ದು."

"ಚೂರು ಎರಚಿದ್ದು ನಾನು" ಎಂದಳು ಸತುರ್ನಿನಾ. "ಹಾಗಾದ್ರೆ ಚಲ್ಯಾ ಮಾಡಬಾರದಿತ್ತಾ?"

ಅವನು ಜಾಡಿಯನ್ನು ಕೆಳಗಿಟ್ಟ. "ಮಾಡಬೇಕು. ಬಿಳಿ ಕಾಗದದಲ್ಲಿ."

ಜಾಡಿ ಉಜ್ಜಿ, ಹೊಸ ನೀರು ಮಾಡಿ, ಅವಳ ಎದುರಿಗೇ ಅವಳ ರಕ್ತ ಹಾಕಿದ. ಕಳ್ಳಿಹಣ್ಣಿನ ಕೆಂಪು ಮತ್ತೆ ಬಂತು. ಹೌದು ಎನ್ನುವವರದು ಹಸಿರಾಗಿ ನಿಂತಿತು. ಅವನು ಸಮಾಧಾನದಿಂದ ಹಿಂದಕ್ಕೊರಗಿದ. ಅವಳಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಒಮ್ಮೆ ಕೆಂಪು, ಒಮ್ಮೆ ಹಸಿರು, ಮತ್ತೆ ಕೆಂಪು. ಯಾವುದನ್ನ ನಂಬೋದು?"

ಬರೀ ಗಾಜು ಹೊಳೆದದ್ದನ್ನು ಅವನು ಮತ್ತೆ ಮೊದಲಿಂದ ಹೇಳಿದ.

"ನೀವು ಹೇಳ್ತಿದ್ದೀರಿ ಅಂತ ನಂಬ್ತೀನಿ. ಅರ್ಥ ಆಗಿ ಅಲ್ಲ." ಹ್ಯಾಟು ಇಟ್ಟುಕೊಂಡು ಎದ್ದಳು. "ಒಂದು ಮಾತ್ರ ಅರ್ಥ ಆಯ್ತು. ಹೌದು ಅಂದಮೇಲೂ ಸೊಪ್ಪು ಮಾರಬಹುದು. ಮಾರಿದೆ. ನಿಮ್ಮದನ್ನೂ ಒಂದ್ಸಲ ನೋಡ್ಕೊಂಡುಬಿಡಿ, ದೋನ್ ನಿಕನೋರ್. ನನ್ನ ಇಲ್ಲ ಪಕ್ಕದಲ್ಲಿರುತ್ತೆ."

ಅವನು ಜಾಡಿಗೆ ಮುಚ್ಚಳ ಹಾಕಿ ಎತ್ತಿಟ್ಟ.

ಆ ಚಳಿಗಾಲದಲ್ಲೇ ಅವನು ಕೆಲಸ ಬಿಟ್ಟು ತಾರಿಹಾದಲ್ಲಿದ್ದ ಅಕ್ಕನ ಮನೆಗೆ ಹೋದ. ಅಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಮದ್ದು ತಿನ್ನುತ್ತಾನೆ ಎಂಬ ಸುದ್ದಿ ಕೆಲವು ವರ್ಷ ಬರುತ್ತಿತ್ತು. ಆಮೇಲೆ ಅವನು ತೀರಿಹೋದ ಸುದ್ದಿ ಬಂತು. ಸತುರ್ನಿನಾ ಅವನನ್ನು ಕಡೆಯದಾಗಿ ಕಂಡದ್ದು ಹೊರಡುವುದಕ್ಕೆ ಮುಂಚಿನ ಒಂದು ಮಧ್ಯಾಹ್ನ. ಮೇಕೆಗೆ ಸೊಪ್ಪು ಹಾಕಿ ಹೊರಟವಳನ್ನು ಅವನು ಕತ್ತಲೆ ಕೋಣೆಗೆ ಕರೆದ. ಅವನ ತೋಳಿಗೆ ಹತ್ತಿಯ ಉಂಡೆ ಅಂಟಿಸಿತ್ತು.

"ನನ್ನ ಕಣ್ಣು ತನಗೆ ಬೇಕಾದ್ದನ್ನ ನೋಡುತ್ತೆ. ನೀವು ನೋಡಿ ಹೇಳಿ. ಎಡಗಡೆ ವೃತ್ತದಲ್ಲಿರೋದು ನಿಮ್ಮದು."

ಅವಳು ಹ್ಯಾಟು ತೆಗೆದು ಬಗ್ಗಿದಳು. "ಕೆಂಪು."

ಗಾಜು ಸರಿಯಿತು. ಅವಳು ಇನ್ನೊಂದು ಕಣ್ಣಿನಿಂದಲೂ ನೋಡಿದಳು. ಅವನು ಅವಸರ ಮಾಡಲಿಲ್ಲ. ಅಂಗಳದಲ್ಲಿ ಸೆನ್ಯೋರಾ ಸೊಪ್ಪು ಅಗಿಯುವ ಸದ್ದು ಕೇಳುತ್ತಿತ್ತು.

"ಜಾಡಿ ನೀರು ಹೊಸದಾ?" ಎಂದಳು.

"ಇವತ್ತು ಬೆಳಿಗ್ಗೆದು. ಬರೀ ಗಾಜನ್ನೂ ನೋಡಿದ್ದೀನಿ. ಹೊಳೀತಿಲ್ಲ."

"ಹಾಗಾದ್ರೆ ಹಸಿರು, ದೋನ್ ನಿಕನೋರ್."

"ಎಂಥ ಹಸಿರು? ಬಾಡಿದ ಸೊಪ್ಪಿಂದಾ, ಎಳೇದಾ?"

"ಎಳೇದು."

ಅವನು ಕತ್ತಲಲ್ಲಿ ಕುರ್ಚಿ ಎಳೆದುಕೊಂಡು ಕುಳಿತದ್ದು ಕೇಳಿಸಿತು. ಅವಳು ಕಣ್ಣು ತೆಗೆಯಲಿಲ್ಲ. ಮೀನುಗಳ ಅಂಚಿನ ಬೆಂಕಿ ಮೆಲ್ಲಗೆ ಇಳಿಯುತ್ತಿತ್ತು. ಅದನ್ನೂ ಹೇಳಿದಳು: ಮಂಕಾಗ್ತಾ ಇದೆ. ಇನ್ನೂ ಸ್ವಲ್ಪ ಮಂಕಾಯ್ತು.

ಈ ಸಲ ಅವನು ನಗಲಿಲ್ಲ.

"ಅವಸರ ಇಲ್ದಿದ್ರೆ," ಎಂದ, "ಇನ್ನೊಂದಿಷ್ಟು ಹೊತ್ತು ನೋಡ್ತಾ ಇರ್ತೀರಾ, ದೋನ್ಯಾ ಸತುಕಾ?"